ಸೋಮವಾರದ ಸರಪಳಿ

ಸಿಂದಗಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಈ ಸಂಗತಿಯನ್ನು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಇಂಡಿ ಕಡೆಯ ಲಿಂಬೆ ತೋಟದ ಹೆಣ್ಣುಮಗಳೊಬ್ಬಳು ಸೋಮವಾರದ ದಿನ ಹೊಲ ಹರಗುವ ಕುಂಟೆಗೆ ಕೈ ಹಚ್ಚಿದಳು. ಬಸವಣ್ಣ ಮುನಿದ, ಕುಂಟೆ ಕಾಲ ಮೇಲೆ ಬಿತ್ತು. ಕೇಳಿದವರು ಲೊಚಗುಟ್ಟಿ, ಬಸ್ಸಿಗೆ ಹೊತ್ತಾಯಿತೆಂದು ಏಳುತ್ತಾರೆ.

ಇದನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದು ನನ್ನ ಹಳೆಯ ಚಟ, ಅದು ನಿಜ. ಮುದ್ದೇಬಿಹಾಳದಲ್ಲಿ ಓದುವಾಗ ಚರ್ಚಾಸ್ಪರ್ಧೆಗೆ ನಿಂತರೆ ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ತಿಳಿಯುತ್ತಿತ್ತು. ಯಾವುದು ಬಂದರೂ ನಾನು ಗೆದ್ದು ಬರುತ್ತಿದ್ದೆ. ಆದರೆ ಈ ಸಲದ ಆಕ್ಷೇಪಕ್ಕೆ ಆಧಾರವಿದೆ. ನಮ್ಮ ಭಾಗದಲ್ಲಿ, ಅದರಲ್ಲೂ ಬಸವನ ಬಾಗೇವಾಡಿ ಸುತ್ತಲಿನ ಹಳ್ಳಿಗಳಲ್ಲಿ, ಸೋಮವಾರ ಎತ್ತು ಹೂಡುವುದಿಲ್ಲ. ಸರಿ. ಸೋಮವಾರ ಕುಂಟೆ ತೊಳೆಯಬಾರದು, ಅದಕ್ಕೆ ಸುತ್ತಿಕೊಂಡ ಕರಿಕೆ ಹುಲ್ಲು ಬಿಡಿಸಬಾರದು, ಗ್ರೀಸು ಹಚ್ಚಬಾರದು ಎಂದು ಯಾರಾದರೂ ಹೇಳಿದ್ದಾರೆಯೇ? ಹೊಲದ ಕೆಲಸವಿಲ್ಲದ ದಿನವೇ ಇವಕ್ಕೆಲ್ಲ ಬಿಡುವು. ಆ ಹೆಣ್ಣುಮಗಳು ಯಾವ ಕಟ್ಟಳೆಯನ್ನೂ ಮೀರಲಿಲ್ಲ. ಪಾಲಿಸಿದಳು. ಪಾಲಿಸುವಾಗಲೇ ಕಾಲಿಗೆ ಪೆಟ್ಟು ಬಿತ್ತು.

ಇನ್ನೊಂದು ಮಾತು. ದೇವರ ಸಿಟ್ಟನ್ನು ಟೇಪು ಹಿಡಿದು ಅಳೆಯಲು ಬರುವುದಿಲ್ಲ. ಈ ಅವಘಡಕ್ಕೆ ಅಳತೆ ಇತ್ತು. ಮೂರು ಇಂಚು. ಅಳೆದವಳು ನಾನು.

ನಮ್ಮ ಅಂಗಡಿ ಸಿಂದಗಿಯಿಂದ ಇಂಡಿಗೆ ಹೋಗುವ ರಸ್ತೆಯ ಬದಿಗಿದೆ. ನೇಗಿಲು, ಕುಂಟೆ, ಟ್ರೇಲರು, ಗೇಟು, ಏನು ಬಂದರೂ ಮಾಡುತ್ತೇವೆ. ಅಂಗಡಿಯ ಮಾಲೀಕರೂ ವೆಲ್ಡರೂ ಒಬ್ಬರೇ, ಬಾಗೇವಾಡಿ ಕಡೆಯ ಹಿರಿಯ ಮಿಸ್ತ್ರಿ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಅಳತೆ, ನಕ್ಷೆ, ಡ್ರಿಲ್ಲು ನನ್ನ ಪಾಲಿನವು. ಬೆಂಕಿಯ ಕೆಲಸ ಅವರದು. ಡಿಪ್ಲೊಮಾ ಮುಗಿಸಿ ಅಲ್ಲಿ ಸೇರಿದ ಎರಡನೆಯ ವಾರಕ್ಕೇ ಅವರು ನನಗೆ 'ವಕೀಲವ್ವ' ಎಂದು ಹೆಸರಿಟ್ಟಿದ್ದರು.

ಆ ಟ್ರ್ಯಾಕ್ಟರು ಟೆಂಪೋದಲ್ಲಿ ಬಂತು. ಎತ್ತರ ನನ್ನ ಎದೆಯವರೆಗೂ ಇರಲಿಲ್ಲ. ಪುಣೆಯ ಯಾವುದೋ ಕಾರ್ಖಾನೆಯ ಆವರಣದಲ್ಲಿ ಹುಲ್ಲು ಕತ್ತರಿಸಿಕೊಂಡಿದ್ದು, ಹಳತಾಗಿ ಹರಾಜಿಗೆ ಬಂದಾಗ ಕೈ ಬದಲಾಯಿಸುತ್ತ ಇಂಡಿ ಸೇರಿತ್ತು. ಜೊತೆಗೆ ಬಂದವರು ಲಿಂಬೆ ತೋಟದ ಒಡತಿ, ನಲವತ್ತರ ಆಸುಪಾಸಿನವರು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಟೆಂಪೋದಿಂದ ಹಲಗೆ ಹಾಕಿ ಟ್ರ್ಯಾಕ್ಟರನ್ನು ತಾವೇ ಇಳಿಸಿದರು.

"ಏನ್ರಿ ಅಕ್ಕಾರ, ಇದು ಟ್ರ್ಯಾಕ್ಟರೋ ಆಟಿಗಿ ಸಾಮಾನೋ?" ಎಂದರು ಕಾಕಾ.

"ನಗಬ್ಯಾಡ್ರಿ ಮಿಸ್ತ್ರಿ. ದೊಡ್ಡ ಟ್ರ್ಯಾಕ್ಟರ್ ನಮ್ಮ ಗಿಡದ ಸಾಲಿನ್ಯಾಗ ಹೊಕ್ಕರ ಅರ್ಧ ಟೊಂಗಿ ಮುರಕೊಂಡು ಹೊರಗ ಬರ್ತೈತಿ. ಇದು ಟೊಂಗಿ ಅಡಿ ನುಸುಳ್ತೈತಿ. ಆದ್ರ ಹಿಂದ ಕುಂಟಿ ಹಚ್ಚಾಕ ಏನೂ ಇಲ್ಲ. ಅದಷ್ಟ ಮಾಡಿಕೊಡ್ರಿ."

"ಹೊಡಿಯಾವ್ರು ಯಾರು?"

"ನಾನ. ಬಾಡಗಿ ಡ್ರೈವರ್‌ಗೆ ಫೋನ್ ಹಚ್ಚಿ ಹಚ್ಚಿ ಸಾಕಾಗೈತಿ. ಇವತ್ತ ಬರ್ತೇನಿ, ನಾಳೆ ಬರ್ತೇನಿ ಅನ್ನೂದ್ರಾಗ ಹಸಿ ಆರಿ ಹೋಗಿ, ಕರಿಕಿ ಮೊಣಕಾಲಿಗೆ ಬಂದಿರ್ತೈತಿ. ಇನ್ನ ಯಾರ ದಾರೀನೂ ಕಾಯಂಗಿಲ್ಲ ನಾ." ಆಮೇಲೆ ನನ್ನ ಕಡೆ ತಿರುಗಿ, "ಕ್ಲಚ್ ಒಂದ ಭಾಳ ಬಿಗಿ ಐತಿ ತಂಗಿ. ಎಡಗಾಲು ಜೋಮ ಹಿಡೀತೈತಿ. ರೂಢಿ ಆಕ್ಕೈತಿ ಬಿಡು," ಎಂದರು.

ಇಡೀ ಕೆಲಸದ ಅರ್ಥ ಇಷ್ಟೇ ಇತ್ತು. ನೆಲದಲ್ಲಿ ಹಸಿ ಇದ್ದಾಗ ತಮ್ಮ ತೋಟಕ್ಕೆ ತಾವೇ ಇಳಿಯಬೇಕು, ಯಾರನ್ನೂ ಕರೆಯಬಾರದು.

ಆ ಟ್ರ್ಯಾಕ್ಟರಿನ ಆಸನದ ಕೆಳಗೆ ಒಂದು ಹೈಡ್ರಾಲಿಕ್ ಸಿಲಿಂಡರು ಇತ್ತು. ಎಣ್ಣೆಯ ಒತ್ತಡಕ್ಕೆ ಅದರ ದಂಡ ಹೊರಬಂದು, ಹೊಟ್ಟೆಯ ಕೆಳಗೆ ತೂಗುತ್ತಿದ್ದ ಹುಲ್ಲು ಕತ್ತರಿಸುವ ಪೆಟ್ಟಿಗೆಯನ್ನು ಎತ್ತುತ್ತಿತ್ತು. ಇಳಿಸಲು ಒತ್ತಡ ಬೇಕಿಲ್ಲ. ಲಿವರ್ ಒತ್ತಿ ಎಣ್ಣೆಗೆ ದಾರಿ ಬಿಟ್ಟರೆ ಭಾರಕ್ಕೆ ತಾನೇ ಇಳಿಯುತ್ತದೆ. ಅಂದರೆ ಎತ್ತಿದ ಸಾಮಾನು ಮೇಲೆ ನಿಂತಿರುವುದು ಒಳಗೆ ಸಿಕ್ಕಿಕೊಂಡ ಎಣ್ಣೆಯ ಆಧಾರದ ಮೇಲೆ, ಬೇರೆ ಯಾವ ಆಧಾರವೂ ಇಲ್ಲ. ಈ ಲಿಫ್ಟನ್ನು ಹಿಂಬದಿಯ ಕೆಲಸಕ್ಕೆ ಒಗ್ಗಿಸಬೇಕಿತ್ತು. ಕೆಳಗೆ ಎರಡು ತೋಳು, ಮೇಲೆ ಒಂದು ಟಾಪ್ ಲಿಂಕು, ಈ ಮೂರು ಬಿಂದುಗಳಿಗೆ ಕುಂಟೆ ಸಿಕ್ಕಿಸುವ ಹಾಗೆ.

ಮೊದಲ ಪ್ರಯತ್ನ ಕಾಕಾನದು. ಸಿಲಿಂಡರನ್ನು ಇದ್ದಲ್ಲೇ ಬಿಟ್ಟು, ಅದರಿಂದ ಒಂದು ಉದ್ದ ರಾಡನ್ನು ಹಿಂದಕ್ಕೆ ಒಯ್ದು ತೋಳುಗಳಿಗೆ ಜೋಡಿಸಿದರು. ಇಂಜಿನ್ ಶುರುಮಾಡಿ ಲಿವರ್ ಎಳೆದರೆ ಕುಂಟೆ ನಾಲ್ಕು ಬೆರಳು ಎದ್ದು ನಿಂತಿತು. ಇನ್ನಷ್ಟು ಎಳೆದರೆ ರಾಡು ಬಿಲ್ಲಿನ ಹಾಗೆ ಬಾಗಿತು. ಇನ್ನೂ ದಪ್ಪ ರಾಡು ಹಾಕಿದರಾಯಿತು ಎಂದರು. ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡೂ ಕಡೆಯ ತೋಳಿನ ಉದ್ದ ಬರೆದು ತೋರಿಸಿದೆ. ರಾಡು ಎಷ್ಟು ದಪ್ಪವಾದರೂ ಎತ್ತರ ಅಷ್ಟೇ ಬರುವುದು, ಅಲ್ಲಿನ ಸನ್ನೆಕೋಲಿನ ಅಳತೆಯೇ ಗಿಡ್ಡ. ಸಿಲಿಂಡರನ್ನೇ ಬಿಚ್ಚಿ ಹಿಂದಕ್ಕೆ ತರಬೇಕು, ತೋಳುಗಳ ನೆತ್ತಿಯ ಮೇಲೆ ನಿಲ್ಲಿಸಬೇಕು.

ಕಾಕಾ ಆ ಗೆರೆಗಳ ಸುತ್ತ ಒಂದು ಸುತ್ತು ಹಾಕಿದರು. "ನಿನ್ನ ಸೀಮಿಸುಣ್ಣ ನನ್ನ ರಾಡಿಗಿಂತ ಗಟ್ಟಿ ಐತಿ ಬಿಡವಾ," ಎಂದು ಸ್ಪ್ಯಾನರ್ ಎತ್ತಿಕೊಂಡರು. ಆ ಗೆಲುವು ನನಗೆ ಒಳ್ಳೆಯದು ಮಾಡಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ.

ಹಿಂಬದಿಯ ಗೇರುಪೆಟ್ಟಿಗೆ ಬೀಡು ಕಬ್ಬಿಣದ್ದು. ಬೀಡಿಗೆ ವೆಲ್ಡಿಂಗ್ ಹೊಡೆದರೆ ತಣಿಯುವಾಗ ಬಿರಿಯುತ್ತದೆ. ಹಾಗಾಗಿ ಎಲ್ಲವನ್ನೂ ಬೋಲ್ಟಿನಲ್ಲೇ ಕೂರಿಸಬೇಕಿತ್ತು. ಹಿಂದೆ ಟ್ರೇಲರ್ ಕೊಂಡಿ ಇದ್ದ ಜಾಗದಲ್ಲಿ ನಾಲ್ಕು ತೂತುಗಳಿದ್ದವು. ಫ್ಯಾನಿನ ಡಬ್ಬಿಯ ರಟ್ಟನ್ನು ಅವುಗಳ ಮೇಲೆ ಒತ್ತಿ, ಗ್ರೀಸು ಹತ್ತಿದ ಬೆರಳು ಆಡಿಸಿ ತೂತಿನ ಗುರುತು ತೆಗೆದೆ. ಆ ರಟ್ಟಿನ ಅಚ್ಚಿನಂತೆ ಹನ್ನೆರಡು ಎಂ.ಎಂ. ಪ್ಲೇಟನ್ನು ಕಾಕಾ ಗ್ಯಾಸಿನಲ್ಲಿ ಕತ್ತರಿಸಿಕೊಟ್ಟರು. ಮೂರು ತೂತು ಸರಿ ಕೂತವು, ನಾಲ್ಕನೆಯದು ಕೂದಲೆಳೆ ಸರಿದಿತ್ತು. ಅರ್ಧ ದಿನ ದುಂಡು ಕಾನಸಿನಿಂದ ಉಜ್ಜಿದೆ. ಕಾನಸು ಎಂದರೆ ಕಬ್ಬಿಣ ಉಜ್ಜುವ ಅರ. ನಮ್ಮಲ್ಲಿ ಎಲ್ಲರೂ ಹಾಗೇ ಅನ್ನುವುದು. ಅಂಗೈ ಬೊಬ್ಬೆ ಎದ್ದಿತು. ತೂತು ಸರಿಯಾದ ಖುಷಿಯಲ್ಲಿ ಪ್ಲೇಟಿನ ಅಂಚುಗಳನ್ನು ಉಜ್ಜುವುದು ಉಳಿದೇಹೋಯಿತು. ಗ್ಯಾಸು ಕತ್ತರಿಸಿದ ಅಂಚು ಗರಗಸದ ಹಲ್ಲಿನ ಹಾಗೆ ಇರುತ್ತದೆ. ಕಾಣುವ ಕಡೆಯ ಅಂಚುಗಳಿಗೆ ಗ್ರೈಂಡರ್ ಹಿಡಿದೆ. ಒಳಗಡೆಯ ಮೇಲಂಚು ಯಾರಿಗೂ ಕಾಣುತ್ತಿರಲಿಲ್ಲ.

ಸಿಲಿಂಡರ್ ಜಾಗ ಬದಲಾದ ಮೇಲೆ ಹಳೆಯ ಎಣ್ಣೆ ಪೈಪು ಸಾಲದಾಯಿತು. ವಾಲ್ವಿನಿಂದ ಸಿಲಿಂಡರಿನವರೆಗೆ ಸುತಳಿ ಹಿಡಿದು ಅಳೆದು, ಸುತಳಿಗೆ ಗಂಟು ಹಾಕಿಕೊಂಡು ವಿಜಯಪುರಕ್ಕೆ ಹೋದೆ. ಗಂಟಿನ ಅಳತೆಗೆ ಸರಿಯಾಗಿ ಹೊಸ ರಬ್ಬರ್ ಪೈಪು, ಎರಡೂ ತುದಿಗೆ ಒತ್ತಿ ಕೂರಿಸಿದ ಹಿತ್ತಾಳೆ ಬಣ್ಣದ ಕೀಲುಗಳು. ತಂದು ಹಾಕಿದರೆ ಒಂದಿಷ್ಟೂ ಜೋಲಿಲ್ಲದೆ ಅಚ್ಚುಕಟ್ಟಾಗಿ ಕೂತಿತು. ಅಳೆಯುವಾಗ ಲಿಫ್ಟಿನ ತೋಳುಗಳು ಕೆಳಗಿದ್ದವು, ಕಟ್ಟಿಗೆಯ ತುಂಡಿನ ಮೇಲೆ ಮಲಗಿದ್ದವು. ಮೇಲೆ ಎದ್ದಾಗ ಸಿಲಿಂಡರು ತನ್ನ ಬುಡದ ಪಿನ್ನಿನ ಮೇಲೆ ಹಿಂದಕ್ಕೆ ವಾಲುತ್ತದೆ, ಪೈಪನ್ನು ಜೊತೆಗೆ ಎಳೆಯುತ್ತದೆ. ಇದನ್ನು ಮೊದಲ ವರ್ಷದ ವಿದ್ಯಾರ್ಥಿಯೂ ಹೇಳಿಯಾನು. ನಾನು ಯೋಚಿಸಲಿಲ್ಲ.

ತೋಟದ ಅಕ್ಕ ಬಂದ ದಿನ ಕುಂಟೆ ಸಿಕ್ಕಿಸಿದೆವು. ಲಿವರ್ ಎಳೆದ ತಕ್ಷಣ ಕುಂಟೆ ಏಳುವ ಬದಲು ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಎದ್ದವು.

"ಯವ್ವಾ! ಇದು ಕುದರಿ ಆತಲ್ರಿ!" ಎಂದು ಅವರು ಸ್ಟೇರಿಂಗ್ ಹಿಡಿದು ಕಿರುಚಿದರು.

ಎರಡು ಕಬ್ಬಿಣದ ಡಬ್ಬಗಳಿಗೆ ಕಾಂಕ್ರೀಟು ತುಂಬಿ ಮುಂಭಾಗಕ್ಕೆ ಬಿಗಿದೆವು. ಆಮೇಲೆ ಬಲತೋಳು ಎಡತೋಳಿಗಿಂತ ಮೇಲೆ ಏಳತೊಡಗಿತು. ಎತ್ತುವ ರಾಡಿನ ತಿರುಪನ್ನು ಸುತ್ತು ಸುತ್ತು ತಿರುವಿ ಸಮ ಮಾಡಿದೆ. ನಾಲ್ಕನೆಯ ಸಲ ಕುಂಟೆ ಮಟ್ಟಸವಾಗಿ ಮೊಣಕಾಲೆತ್ತರಕ್ಕೆ ಎದ್ದಿತು. ಅವರು ಅಂಗಳದಲ್ಲಿ ಒಂದು ಸುತ್ತು ಹೊಡೆದರು, ಇಳಿಸಿದರು, ಎತ್ತಿದರು, ಮತ್ತೆ ಇಳಿಸಿದರು. ಸಣ್ಣ ಮಕ್ಕಳ ಹಾಗೆ ನಗುತ್ತಿದ್ದರು. ಆ ಕೆಲಸದಲ್ಲಿ ನಾನು ಮನಸಾರೆ ನೆನೆಯಬಹುದಾದ ಗಳಿಗೆ ಅದೊಂದೇ.

ಕೊನೆಯ ಪರೀಕ್ಷೆ ಎತ್ತಿದ್ದು ನಿಲ್ಲುತ್ತದೆಯೋ ಎಂಬುದು. ಸಿಲಿಂಡರಿನ ದಂಡಕ್ಕೆ ಸೀಮೆಸುಣ್ಣದ ಗೆರೆ ಎಳೆದು ಇಂಜಿನ್ ಆರಿಸಿದೆವು. ಸಂಜೆಯ ಹೊತ್ತಿಗೆ ಕುಂಟೆ ಒಂದು ಗೇಣು ಜಾರಿತ್ತು. ಸಿಲಿಂಡರು ಬಿಚ್ಚಿ, ಒಳಗಿನ ಸೀಲು ಬದಲಾಯಿಸಿ, ಮತ್ತೆ ಬೆಳಿಗ್ಗೆ ಎತ್ತಿ ನಿಲ್ಲಿಸಿದೆ. ಹೊತ್ತು ಮುಳುಗುವವರೆಗೆ ಗೆರೆ ಅಲುಗಲಿಲ್ಲ.

ಮರುದಿನ ಟ್ರ್ಯಾಕ್ಟರು ಒಯ್ಯಲು ಅಕ್ಕ ಟೆಂಪೋ ತಂದರು. ಆಗ ಕಾಕಾ ಗೋಡೆಯ ಮೊಳೆಯಿಂದ ಒಂದು ಸರಪಳಿ ತೆಗೆದರು.

ನಮ್ಮ ಅಂಗಡಿಯಿಂದ ಲಿಫ್ಟಿನ ಯಾವ ಸಾಮಾನು ಹೊರಬಿದ್ದರೂ ಅದಕ್ಕೆ ಒಂದು ಕೊಕ್ಕೆ, ಒಂದು ಮಾರು ಸರಪಳಿ ಬೆಸೆದೇ ಕಳಿಸುವುದು ಅವರ ಪದ್ಧತಿ. ಅದಕ್ಕೆ ಸೋಮವಾರದ ಸರಪಳಿ ಎಂದು ಹೆಸರು. ಅವರ ಊರಲ್ಲಿ ರವಿವಾರ ಹೊತ್ತು ಮುಳುಗುವಾಗ ನೇಗಿಲು, ಕುಂಟೆಗಳನ್ನು ಬೇವಿನ ಟೊಂಗೆಗೋ ಗೋಡೆಯ ಗೂಟಕ್ಕೋ ತೂಗುಹಾಕುತ್ತಿದ್ದರಂತೆ. ಸೋಮವಾರ ಬಸವಣ್ಣನಿಗೆ ಬಿಡುವು, ಭೂಮಿಗೂ ಬಿಡುವು, ಅವತ್ತು ಕಬ್ಬಿಣ ನೆಲಕ್ಕೆ ಒರಗಬಾರದು. ಟ್ರ್ಯಾಕ್ಟರು ಬಂದ ಮೇಲೆ ಲಿಫ್ಟ್ ಎತ್ತಿ ಸರಪಳಿಗೆ ಸಿಕ್ಕಿಸುವುದು ಬಂತು. ತೋಟದ ಅಕ್ಕನ ಮನೆಯಲ್ಲೂ ಅದೇ ರೂಢಿ.

ನನಗೆ ತಡೆಯಲಾಗಲಿಲ್ಲ.

"ಕಾಕಾ, ಸೋಮವಾರ ಬಿಡುವು ಯಾರಿಗ್ರಿ?"

"ಬಸವಣ್ಣಗ."

"ಯಾಕ?"

"ವಾರಗಟ್ಟಲೆ ದುಡಿದು ದಣಿದಿರ್ತಾನ."

"ಟ್ರ್ಯಾಕ್ಟರ್ ದಣೀತೈತೇನ್ರಿ?"

"ಕಾಯ್ತೈತಿ."

ಅಕ್ಕ ನಕ್ಕರು. ನಾನು ಬಿಡಲಿಲ್ಲ. "ಕಬ್ಬಿಣ ನೆಲಕ್ಕ ತಾಗಬಾರದಂದ್ರ ಗಾಲಿ ಏನ್ರಿ? ಅವೂ ಕಬ್ಬಿಣಾನ. ಇಡೀ ಟ್ರ್ಯಾಕ್ಟರನ್ನ ಬೇವಿನ ಗಿಡಕ್ಕ ತೂಗುಹಾಕ್ರಿ ಮತ್ತ."

"ಗಾಲಿಗೆ ರಬ್ಬರ್ ಐತಲ್ಲವಾ ವಕೀಲವ್ವ."

"ಹಂಗಾರ ಕುಂಟಿ ಅಡಿ ಒಂದು ಹಳೆ ಟೈರ್ ಇಟ್ಟರ ಸಾಕಲ್ರಿ? ಬಸವಣ್ಣಗ ಒಪ್ಪಿಗಿ ಐತೇನು ಕೇಳ್ರಿ."

ಟೆಂಪೋ ಚಾಲಕನೂ ನಕ್ಕ. ಕಾಕಾ ಸರಪಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ನಾನು ಆಗ ತಾಂತ್ರಿಕ ವಾದಕ್ಕೆ ಇಳಿದೆ. ಅದು ಪೂರಾ ಸುಳ್ಳೂ ಆಗಿರಲಿಲ್ಲ. ಲಿಂಬೆ ಸಾಲಿನಲ್ಲಿ ಜೋತಾಡುವ ಸರಪಳಿ ಮುಳ್ಳುಟೊಂಗೆಗೆ ಸಿಕ್ಕಿ ಎಳೆಯುತ್ತದೆ. ಬಿಚ್ಚಲು ಮರೆತು ಲಿವರ್ ಒತ್ತಿದರೆ ಕುಂಟೆ ನೆಲಕ್ಕಿಳಿಯುವುದಿಲ್ಲ, ಹೊಸಬರು ಗಾಬರಿಯಾಗುತ್ತಾರೆ. ನಿನ್ನೆ ಬೆಳಗಿನಿಂದ ಸಂಜೆಯತನಕ ಗೆರೆ ಅಲುಗಿಲ್ಲ, ಎಲ್ಲರ ಕಣ್ಣೆದುರಿಗೆ.

"ಎಣ್ಣಿ ಹಿಡಿದು ನಿಲ್ಲಿಸಿದ್ದನ್ನ ಸರಪಳಿ ಮತ್ತೊಮ್ಮೆ ಯಾಕ ಹಿಡೀಬೇಕ್ರಿ? ಒಂದ ಒಂದು ಕಾರಣ ಕೊಡ್ರಿ ಕಾಕಾ, ಬಸವಣ್ಣನ್ನ ಬಿಟ್ಟು."

ಅವರು ಯೋಚಿಸಿದರು. ನಿಜಕ್ಕೂ ಯೋಚಿಸಿದರು, ಹಣೆ ಗಂಟಿಕ್ಕಿತ್ತು. "ಕಾರಣ ಗೊತ್ತಿಲ್ಲವಾ. ನಮ್ಮಪ್ಪ ಹಾಕತಿದ್ದ, ನಾ ಹಾಕತೇನಿ."

ಸಭೆಯಲ್ಲಿ ಎದುರಾಳಿ ಹೀಗೆ ಅಂದರೆ ಅಲ್ಲಿಗೆ ಗಂಟೆ ಬಾರಿಸಿದಂತೆ. ಅಕ್ಕ ನಮ್ಮಿಬ್ಬರನ್ನೂ ನೋಡಿದರು. "ಬ್ಯಾಡ ಬಿಡ್ರಿ ಮಿಸ್ತ್ರಿ. ಟೊಂಗಿಗೆ ಸಿಗ್ತೈತಿ ಅಂತಾಳಲ್ಲ ತಂಗಿ. ಕಲಿತಾಕಿ ಹೇಳಾಕತ್ತಾಳ."

ಸರಪಳಿ ಮೊಳೆಗೆ ಮರಳಿತು.

ಹೊರಡುವ ಮುಂಚೆ ಅವರು ಕುಂಟೆಯನ್ನು ಪೂರ್ತಿ ಎತ್ತಿ ಟ್ರ್ಯಾಕ್ಟರನ್ನು ಹಲಗೆಯ ಹತ್ತಿರ ನಿಲ್ಲಿಸಿದರು. ಕಾಕಾ ಹಿಂದೆ ಬಗ್ಗಿ, ಪ್ಲೇಟಿನ ಒಳಗಡೆ ಕೈ ತೂರಿಸಿ, ಮೇಲಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಒಂದು ಕಡೆಯಿಂದ ಇನ್ನೊಂದು ಕಡೆಗೆ, ನಿಧಾನವಾಗಿ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು.

"ಏನ್ರಿ ಕಾಕಾ, ಅಲ್ಲೂ ಬಸವಣ್ಣ ಕುಂತಾನೇನು?" ಎಂದು ನಕ್ಕೆ ನಾನು.

ಅವರು ಹೆಬ್ಬೆರಳನ್ನು ಹತ್ತಿಯ ಚೂರಿಗೆ ಒರೆಸಿಕೊಂಡರು. "ಏನಿಲ್ಲ. ಏರಸ್ರಿ ಗಾಡಿ," ಎಂದರು.

ಮುಂದಿನ ಆರೇಳು ವಾರ ಎಲ್ಲ ಸರಿಯಿತ್ತು. ಮಳೆ ಬಿದ್ದ ಮೂರನೆಯ ದಿನವೇ ಅಕ್ಕ ತೋಟಕ್ಕೆ ಇಳಿದಿದ್ದರು. ಫೋನಿಗೆ ಒಂದು ಚಿತ್ರ ಕಳಿಸಿದ್ದರು. ಎರಡು ಲಿಂಬೆ ಸಾಲಿನ ನಡುವೆ ಬಾಚಣಿಗೆ ಎಳೆದಂತಹ ಹೊಸ ಮಣ್ಣು. ಕೆಳಗೆ ಒಂದು ಮಾತು, 'ಯಾರ ದಾರಿಯೂ ಕಾಯಲಿಲ್ಲ.' ನಾನದನ್ನು ಕಾಕಾಗೆ ತೋರಿಸಿದೆ. "ಛಲೋ ಆತು," ಎಂದರು.

ಆಮೇಲೆ ಒಂದು ಸೋಮವಾರ ಮಧ್ಯಾಹ್ನ ಅವರ ಗಂಡನ ಫೋನು ಬಂತು. ಎತ್ತಿಕೊಂಡವರು ಕಾಕಾ. "ಹೂಂ… ಯಾವ ಕಾಲು?… ಹೂಂ," ಎಂದು ಇಷ್ಟೇ ಕೇಳಿಸಿತು. ಫೋನು ಇಟ್ಟವರು ನನಗೆ ಹೇಳುವ ಮುಂಚೆ ಗ್ಯಾಸಿನ ಕಾಕ್ ಮುಚ್ಚಿದರು.

ರವಿವಾರ ಸಂಜೆ ಕೆಲಸ ಮುಗಿಸಿದ ಅಕ್ಕ, ಮನೆಯ ರೂಢಿಯಂತೆ ಕುಂಟೆಯನ್ನು ಎತ್ತಿಯೇ ಟ್ರ್ಯಾಕ್ಟರನ್ನು ಬೇವಿನ ಗಿಡದ ಪಕ್ಕ ನಿಲ್ಲಿಸಿದ್ದರು. ಸೋಮವಾರ ಬೆಳಿಗ್ಗೆ ಬಿಡುವು. ಕುಂಟೆಯ ಅಲಗಿಗೆ ಕರಿಕೆ ಸುತ್ತಿಕೊಂಡಿತ್ತು. ಎದುರು ನಿಂತು, ಎಡಗಾಲನ್ನು ಅಲಗಿನ ಕೆಳಗೆ ಊರಿ, ಬೇರನ್ನು ಎರಡೂ ಕೈಯಿಂದ ಜಗ್ಗಿದ್ದಾರೆ. ಎರಡನೆಯ ಜಗ್ಗಿಗೆ 'ಫಸ್' ಎಂದಿತಂತೆ. ಮೈಮೇಲೆ ಎಣ್ಣೆ ಸಿಡಿಯಿತಂತೆ. ಅಷ್ಟೇ ಅವರಿಗೆ ನೆನಪಿರುವುದು.

ಮರುದಿನ ಮೊದಲ ಬಸ್ಸಿಗೆ ನಾನು ಇಂಡಿಗೆ ಹೋದೆ. ಅಕ್ಕ ಆಸ್ಪತ್ರೆಯಲ್ಲಿದ್ದರು, ನಾನು ಮೊದಲು ಹೋದದ್ದು ತೋಟಕ್ಕೆ. ಟ್ರ್ಯಾಕ್ಟರು ಹಾಗೇ ನಿಂತಿತ್ತು. ಗಿಡದ ಬುಡದಲ್ಲಿ ಎಣ್ಣೆ ಮಡುಗಟ್ಟಿ, ಮೇಲೆ ಇರುವೆಗಳು ಸತ್ತು ತೇಲುತ್ತಿದ್ದವು. ಪೈಪಿನಲ್ಲಿ ಉಗುರಿನಷ್ಟು ಉದ್ದದ ಸೀಳು. ಅದರ ಎದುರಿಗೇ ನಮ್ಮ ಪ್ಲೇಟಿನ ಮೇಲಂಚು, ಅಂಚಿನ ಹಲ್ಲುಗಳಲ್ಲಿ ರಬ್ಬರಿನ ಕರಿ ಪುಡಿ. ಜಾಕು ಕೊಟ್ಟು ತೋಳುಗಳನ್ನು ಮೇಲೆ ಎತ್ತಿದೆ. ಸಿಲಿಂಡರು ಹಿಂದಕ್ಕೆ ವಾಲಿತು, ಪೈಪು ಹೆದೆಯಂತೆ ಬಿಗಿದು ಆ ಅಂಚಿಗೆ ಒತ್ತಿ ಕೂತಿತು. ಪ್ರತಿ ಸಲ ಎತ್ತಿದಾಗಲೂ ಹೀಗೇ ಒತ್ತಿದೆ, ಪ್ರತಿ ಸಾಲಿನ ಕುಲುಕಾಟಕ್ಕೂ ಒಂದಿಷ್ಟು ಉಜ್ಜಿದೆ. ಒಳಗಿನ ತಂತಿಯ ಹೆಣಿಗೆ ಒಂದೊಂದೇ ಎಳೆ ಸವೆದು, ಕೊನೆಯ ಎಳೆ ಆ ಸೋಮವಾರದ ಜಗ್ಗಿಗೆ ಬಿಟ್ಟಿತ್ತು. ಸುತಳಿ ಹಿಡಿದು ಮತ್ತೆ ಅಳೆದೆ. ಈ ಸಲ ತೋಳುಗಳು ಮೇಲಿದ್ದವು. ಮೂರು ಇಂಚು ಹೆಚ್ಚಿಗೆ ಬೇಕಿತ್ತು. ಪೈಪು ಮೂರು ಇಂಚು ಉದ್ದವಿದ್ದರೆ ಅಂಚಿಗೆ ತಾಗುತ್ತಿರಲಿಲ್ಲ. ಅಂಚಿಗೆ ಎರಡು ನಿಮಿಷ ಕಾನಸು ಹಾಕಿದ್ದರೆ ತಾಗಿದರೂ ಕೊಯ್ಯುತ್ತಿರಲಿಲ್ಲ. ಇವೆರಡೂ ತಪ್ಪಿ, ಸರಪಳಿ ಇದ್ದಿದ್ದರೆ ಪೈಪು ಒಡೆದರೂ ಕುಂಟೆ ಮೇಲೆಯೇ ತೂಗುತ್ತಿತ್ತು.

ಆ ಗಿಡದ ಬುಡದಲ್ಲಿ ಕೂತಾಗ ಹೊಳೆಯಿತು, ಮಿಸ್ತ್ರಿಯ ಅಪ್ಪ ಹೇಳಿರದ ಕಾರಣ. ಜನ ಕುಂಟೆಯ ಕೆಳಗೆ ಕೈಕಾಲು ಹಾಕುವ ದಿನ ಯಾವುದು? ಬಿಡುವಿನ ದಿನ. ಸರಪಳಿ ಬಿಗಿಯುವ ದಿನ ಯಾವುದು? ಅದೇ ದಿನ. ಯಾರಾದರೂ ಹಿಂದೆ ಇದನ್ನು ಎಣಿಸಿಯೇ ಮಾಡಿದ್ದರೋ, ಹಾಗೇ ಕೂಡಿಬಂದಿತ್ತೋ ನನಗೆ ಗೊತ್ತಿಲ್ಲ, ಈಗಲೂ ಪ್ರಮಾಣ ಮಾಡಲಾರೆ. ಗೊತ್ತಿರುವುದು ಇಷ್ಟು. ತೂಗುಹಾಕುವ ರೂಢಿಯನ್ನು ಅಕ್ಕನಿಂದ ಬಿಡಿಸಲು ನನ್ನ ವಾದಕ್ಕೆ ಆಗಲಿಲ್ಲ. ಆ ರೂಢಿಯ ಅರ್ಧವನ್ನು, ಅಂದರೆ ಸರಪಳಿಯನ್ನು, ಮಾತ್ರ ಬಿಡಿಸಿತು.

ಆಸ್ಪತ್ರೆಯಲ್ಲಿ ಅಕ್ಕನ ಎಡಗಾಲು ದಿಂಬಿನ ಮೇಲಿತ್ತು. ಎರಡು ಬೆರಳು ತೆಗೆದಿದ್ದರು, ಪಾದದ ನಡು ಎಲುಬಿಗೆ ಸರಿಗೆ ಹಾಕಿದ್ದರು. ನಡೆಯಬಹುದು, ಆದರೆ ಆ ಪಾದದಿಂದ ಒತ್ತುವುದು ಇನ್ನಾಗದು ಎಂದು ಡಾಕ್ಟರು ಹೇಳಿದ್ದರಂತೆ. ಒತ್ತುವುದು ಎಂದರೆ ಕ್ಲಚ್ಚು.

"ಮಿಸ್ತ್ರಿ ಫೋನ್ ಮಾಡಿದ್ರು," ಎಂದರು. "ಸೋಮವಾರ ಕುಂಟಿಗೆ ಕೈ ಹಚ್ಚಬಾರದಿತ್ರಿ ಅಕ್ಕಾರ, ಅಂದ್ರು. ನಾ ನಿನ್ನಿಯಿಂದ ಎಣಸಾಕತ್ತೇನಿ ತಂಗಿ, ಎಲ್ಲಿ ತಪ್ಪಿದೆ ಅಂತ. ನಮ್ಮವ್ವ ಸೋಮವಾರಾನ ಕುಡಗೋಲು ತಿಕ್ಕತಿದ್ದಳು. ಆಕಿಗೆ ಏನೂ ಆಗಲಿಲ್ಲ."

ನಾನು ಹೇಳಿದೆ. ಸುತಳಿ, ಗಂಟು, ಮೂರು ಇಂಚು, ಅಂಚು, ಎಲ್ಲ. ವಾದಿಸುವ ಧ್ವನಿ ಬಾರದಂತೆ ನಿಧಾನವಾಗಿ ಹೇಳಲು ನೋಡಿದೆ. "ತಪ್ಪು ನಿಮ್ಮದಲ್ರಿ ಅಕ್ಕಾ. ನಂದು."

ಅವರು ಕಿಟಕಿಯ ಕಡೆ ತಿರುಗಿದರು. ಅಲ್ಲಿಂದ ಬಸ್ಸುಗಳ ಮೇಲ್ಭಾಗವಷ್ಟೇ ಕಾಣುತ್ತಿತ್ತು. "ಮತ್ತ ಅವತ್ತ ಅಷ್ಟ್ ಮಾತಾಡಿದೆಲ್ಲ," ಎಂದರು ಕ್ಷೀಣವಾಗಿ. "ಕಬ್ಬಿಣಕ್ಕ ಸೋಮವಾರ, ಮಂಗಳವಾರ ಗೊತ್ತಾಗಂಗಿಲ್ಲ, ಅದು ಖರೆ. ಆದ್ರ ನನಗ ಗೊತ್ತಾಗ್ತೈತಲ್ಲ ತಂಗಿ. ನಾ ತೂಗುಹಾಕೇ ಹಾಕ್ತೇನಿ ಅಂತ ನಿನಗ ಯಾಕ ಹೊಳೀಲಿಲ್ಲ?"

ಅಕ್ಕನ ಗಂಡ ಚಹಾ ತಂದಿಟ್ಟರು. ಕುಡಿಯದೆ ಬಂದರೆ ಅವಮಾನವಾದೀತೆಂದು ಕುಡಿದೆ. ಬಾಗಿಲ ಬಳಿ ಅವರು ಮೆಲ್ಲಗೆ ಕೇಳಿದ್ದು, ಆ ಹಳೆ ಬಾಡಿಗೆ ಡ್ರೈವರನ ನಂಬರು ಇವಳ ಫೋನಿನಿಂದ ಅಳಿಸಿಹೋಗಿದೆ, ನಿಮ್ಮ ಅಂಗಡಿಯಲ್ಲಿ ಯಾರ ಬಳಿಯಾದರೂ ಇದ್ದೀತೇ ಎಂದು.

ಸಿಂದಗಿಯಲ್ಲಿ ಬಸ್ಸಿಳಿದಾಗ ಚಹಾದಂಗಡಿಯಲ್ಲಿ ಆಗಲೇ ಬಸವಣ್ಣನ ಕತೆ ನಡೆದಿತ್ತು. ಹೇಳುತ್ತಿದ್ದವನಿಗೆ ಯಾರು ಹೇಳಿದರೆಂದು ಕೇಳಿದೆ. "ನಿಮ್ಮ ಮಿಸ್ತ್ರೀನ ಹೇಳಿದ್ನಲ್ರಿ," ಎಂದ.

ಅಂಗಡಿಯಲ್ಲಿ ಕಾಕಾ ಬೇರೊಬ್ಬರ ಟ್ರ್ಯಾಕ್ಟರಿಗೆ ಕೊಕ್ಕೆ ಬೆಸೆಯುತ್ತಿದ್ದರು. ಮೊಳೆಯ ಮೇಲಿನ ಸರಪಳಿ ಕೆಳಗಿಳಿದಿತ್ತು. ನಾನು ಸೀಳು ಬಿದ್ದ ಪೈಪನ್ನು ಬೆಂಚಿನ ಮೇಲೆ ಇಟ್ಟೆ. ಅವರು ಮುಖವಾಡ ಎತ್ತಿ ಅದನ್ನು ನೋಡಿದರು, ಮುಟ್ಟಲಿಲ್ಲ.

"ಊರ ತುಂಬ ಸುಳ್ಳ ಯಾಕ ಹೇಳಾಕತ್ತೀರಿ ಕಾಕಾ?"

"ನೀ ಇನ್ನ ಸಣ್ಣಾಕಿ ಅದಿ," ಎಂದರು. "ಕೈ ಕೆಟ್ಟದ್ದು ಅಂತ ಹೆಸರ ಬಂದ್ರ ಈ ಕೆಲಸದಾಗ ಮತ್ತ ಏಳಾಕ ಆಗಂಗಿಲ್ಲ. ಬಸವಣ್ಣಗ ಏನ್ ಹೆಸರ ಕೆಡ್ತೈತಿ? ಅವ ತಡಕೊಳ್ತಾನ."

"ಅಕ್ಕ ತಡಕೊಳ್ಳಾಕ ಆಗವಲ್ತು. ತನ್ನದ ತಪ್ಪು ಅಂತ ಎಣಸಾಕತ್ತಾಳ ಆಕಿ."

ನಾನು ಬಂದ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ವಾದವೆಲ್ಲ ನಾಲಿಗೆಯ ತುದಿಯಲ್ಲಿತ್ತು, ಅಂಶ ಅಂಶವಾಗಿ, ಸಾಲಾಗಿ. ಅದರಲ್ಲಿ ಒಂದನ್ನೂ ಆಡಲಿಲ್ಲ. ಅವರ ಬಲಗೈ ಬೆಂಚಿನ ಮೇಲಿತ್ತು. ಆ ಹೆಬ್ಬೆರಳಿನ ಚರ್ಮ ಎಷ್ಟು ದಪ್ಪವಿದ್ದರೂ, ಕಬ್ಬಿಣದ ಅಂಚಿನಲ್ಲಿ ಕೂದಲೆಳೆಯಷ್ಟು ಮುಳ್ಳಿದ್ದರೂ ಅದಕ್ಕೆ ತಿಳಿಯುತ್ತದೆ. ಅದು ನನಗೆ ಚೆನ್ನಾಗಿ ಗೊತ್ತು.

"ಕಾಕಾ," ಎಂದೆ. "ಅವತ್ತ ಕುಂಟಿ ಮ್ಯಾಲ ಎತ್ತಿದಾಗ ಪ್ಲೇಟಿನ ಒಳಗ ಹೆಬ್ಬೆಟ್ಟು ಆಡಿಸಿದ್ರಲ್ಲ. ಪೈಪು ಆ ಅಂಚಿಗೆ ತಾಗೂದು ನಿಮಗ ಗೊತ್ತಾಗಿತ್ತೇನ್ರಿ?"

ಅವರು ಮುಖವಾಡವನ್ನು ಕೆಳಗೆ ಎಳೆದುಕೊಂಡರು. ವೆಲ್ಡಿಂಗ್ ಕಡ್ಡಿ ಇನ್ನೂ ಕಬ್ಬಿಣಕ್ಕೆ ತಾಗಿರಲಿಲ್ಲ, ಕರಿಗಾಜಿನ ಹಿಂದೆ ಅವರ ಕಣ್ಣು ಎತ್ತ ನೋಡುತ್ತಿತ್ತೋ ತಿಳಿಯಲಿಲ್ಲ.

"ಗೊತ್ತಾಗಿದ್ರ, ನಾ ನಕ್ಕೆ ಅಂತ ಸುಮ್ಮನಾದ್ರ್ಯಾ?" ಎಂದು ಕೇಳಿದೆ ನಾನು.